ಗಟಾರ ಎಡಕ್ಕಿದೆ, ಬುಟ್ಟಿಯೂ ಎಡಕ್ಕಿದೆ

ಇವತ್ತು ರಾಜಕೀಯ ಬೇಡ. ಒಂದು ಆಟದ ಬಗ್ಗೆ ಮಾತಾಡೋಣ. ನಮ್ಮಲ್ಲಿ ಬಹಳ ಜನ ಹೆಸರನ್ನೂ ಕೇಳಿರದ ಆಟ. ಡಿಸ್ಕ್ ಗಾಲ್ಫ್. "ಗಾಲ್ಫಾ? ಅದು ದುಡ್ಡಿದ್ದವರ ಆಟ, ನಮಗ್ಯಾಕೆ?" ಅಂತ ರಿಮೋಟ್ ಕೈಗೆ ತಗೋಬೇಡಿ. ನಾನು ನಿಮ್ಮನ್ನು ಕರೆದುಕೊಂಡು ಹೋಗ್ತಿರೋದು ಯಾವ ಕ್ಲಬ್ಬಿಗೂ ಅಲ್ಲ, ಬೆಳಗಾವಿಯ ಖಾಸಬಾಗಕ್ಕೆ.

ಶಹಾಪುರ, ವಡಗಾವಿ, ಖಾಸಬಾಗ ಅಂದರೆ ನೇಕಾರರ ಬಡಾವಣೆಗಳು. ಓಣಿಗೆ ಕಾಲಿಟ್ಟರೆ ಮೊದಲು ಕಿವಿಗೆ ಬೀಳೋದು ಪವರ್‌ಲೂಮ್ ಸದ್ದು. ಅಂಥದ್ದೊಂದು ಓಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಾಲ್ಕು ಜನ ಹುಡುಗರು. ಒಬ್ಬನ ಕೈಯಲ್ಲಿ ಪೇಂಟ್ ಡಬ್ಬಿಯ ಮುಚ್ಚಳ. ಓಣಿಯ ಆ ತುದಿಯಲ್ಲಿ ಒಂದು ಹಳೇ ಬುಟ್ಟಿ. ಈ ತುದಿಯಿಂದ ಮುಚ್ಚಳ ಎಸೀಬೇಕು. ಅದು ಎಲ್ಲಿ ಬೀಳುತ್ತೋ ಅಲ್ಲಿಂದ ಮತ್ತೆ ಎಸೀಬೇಕು. ಯಾರು ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕ್ತಾರೋ ಅವರು ಗೆದ್ದಂಗೆ. ಎಡಗಡೆ ಉದ್ದಕ್ಕೂ ತೆರೆದ ಗಟಾರ. ಬಲಗಡೆ ಮನೆಗಳ ಗೋಡೆ. ನಡುವೆ ಒಂದು ಬೇವಿನ ಮರ. ಬುಟ್ಟಿ ಇರೋದು ಗಟಾರದ ಹತ್ತಿರ, ಎರಡು ಮಾರು ದೂರದಲ್ಲಿ. ಗಟಾರಕ್ಕೆ ಬಿದ್ದರೆ ಒಂದು ಎಸೆತ ದಂಡ.

ಅಷ್ಟೇ ರೀ. ಡಿಸ್ಕ್ ಗಾಲ್ಫ್ ಅಂದರೆ ಇದೇ. ಮುಚ್ಚಳದ ಬದಲು ಪ್ಲಾಸ್ಟಿಕ್ ತಟ್ಟೆ, ಹಳೇ ಬುಟ್ಟಿಯ ಬದಲು ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿ. ಬುಟ್ಟಿಯ ಮೇಲೆ ಸರಪಳಿಗಳು ಇಳಿಬಿಟ್ಟಿರುತ್ತವೆ. ತಟ್ಟೆ ಸರಪಳಿಗೆ ಬಡಿದು ವೇಗ ಕಳೆದುಕೊಂಡು ಬುಟ್ಟಿಗೆ ಬೀಳುತ್ತೆ. ಸಾಮಾನ್ಯವಾಗಿ ಇಂಥ 18 ಗುರಿಗಳ ಒಂದು ಸುತ್ತು. ಎಲ್ಲಾ ಸೇರಿ ಯಾರ ಎಸೆತ ಕಡಿಮೆಯೋ ಅವರಿಗೆ ಜಯ.

ಈ ಆಟದ ಮೂಲವೂ ತಗಡಿನ ತಟ್ಟೆಯೇ. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಫ್ರಿಸ್ಬಿ ಅನ್ನೋ ಬೇಕರಿ ಇತ್ತು. ಅದರ ಪೈ ತಿಂದಾದ ಮೇಲೆ ಉಳಿದ ತಗಡಿನ ತಟ್ಟೆಯನ್ನು ಕಾಲೇಜು ಹುಡುಗರು ಎಸೆದಾಡ್ತಿದ್ದರು. ಆ ಹೆಸರೇ ಮುಂದೆ ಆಟಿಕೆಗೆ ಬಂತು ಅಂತಾರೆ. ಆ ಆಟಿಕೆಗೆ ಸರಿಯಾದ ರೂಪ ಕೊಟ್ಟವರು ಎಡ್ ಹೆಡ್ರಿಕ್. 1975ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಉದ್ಯಾನದಲ್ಲಿ ಮೊದಲ ಕಾಯಂ ಡಿಸ್ಕ್ ಗಾಲ್ಫ್ ಅಂಗಳ ಮಾಡಿದವರೂ ಅವರೇ, 1976ರಲ್ಲಿ ವೃತ್ತಿಪರ ಆಟಗಾರರ ಸಂಘ ಕಟ್ಟಿದವರೂ ಅವರೇ. 2002ರಲ್ಲಿ ತೀರಿಕೊಂಡ ಮೇಲೆ ಅವರ ಚಿತಾಭಸ್ಮವನ್ನು ಪ್ಲಾಸ್ಟಿಕ್‌ಗೆ ಬೆರೆಸಿ ತಟ್ಟೆಗಳನ್ನೇ ಮಾಡಿದರು. ಅವರ ಆಸೆಯೇ ಅದಾಗಿತ್ತು!

ಈಗ ನಮ್ಮ ಓಣಿಗೆ ವಾಪಸ್ ಬನ್ನಿ. ಈ ಆಟದಲ್ಲಿ ಎಸೆಯೋ ತೋಳಿಗಿಂತ ಲೆಕ್ಕ ಹಾಕೋ ತಲೆ ಯಾಕೆ ಮುಖ್ಯ ಅಂತ ಹೇಳ್ತೀನಿ.

ಮೊದಲನೇ ವಿಷಯ, ತಟ್ಟೆ ನೆಟ್ಟಗೆ ಹೋಗಲ್ಲ. ಬಲಗೈ ಆಟಗಾರ ಎದೆಯ ಮುಂದಿನಿಂದ ಕೈ ಎಳೆದು ಬ್ಯಾಕ್‌ಹ್ಯಾಂಡ್ ಎಸೆದರೆ ತಟ್ಟೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ಹೋಗುತ್ತೆ. ವೇಗ ಕಡಿಮೆಯಾಗುತ್ತಿದ್ದಂತೆ ಎಡಕ್ಕೆ ವಾಲಿ ಇಳಿಯುತ್ತೆ. ಅದೇ ಆಟಗಾರ ಕೆರೆಗೆ ಕಲ್ಲು ಬೀಸುವ ಹಾಗೆ ಫೋರ್‌ಹ್ಯಾಂಡ್ ಎಸೆದರೆ ತಟ್ಟೆ ಕೊನೆಗೆ ಬಲಕ್ಕೆ ವಾಲುತ್ತೆ. ದೂರಕ್ಕೆ ಹೋಗೋ ಚೂಪು ಅಂಚಿನ ತಟ್ಟೆ ಡ್ರೈವರ್, ನಡುವಿನ ದೂರಕ್ಕೆ ಮಿಡ್‌ರೇಂಜ್, ಹತ್ತಿರದಿಂದ ಬುಟ್ಟಿಗೆ ಹಾಕಲು ಮೊಂಡು ಅಂಚಿನ ಪಟರ್. ಅನೇಕ ಕಂಪನಿಗಳು ತಟ್ಟೆಯ ಮೇಲೇ ನಾಲ್ಕು ಅಂಕಿ ಅಚ್ಚು ಹಾಕಿರುತ್ತವೆ: ಎಷ್ಟು ವೇಗ ಬೇಕು, ಎಷ್ಟು ತೇಲುತ್ತೆ, ವೇಗದಲ್ಲಿದ್ದಾಗ ಎಷ್ಟು ಹೊರಳುತ್ತೆ, ಕೊನೆಗೆ ಎಷ್ಟು ವಾಲುತ್ತೆ.

ಗಾಳಿ ಸೇರಿದರೆ ಮುಗೀತು. ಎದುರುಗಾಳಿಗೆ ಬಲಗೈ ಬ್ಯಾಕ್‌ಹ್ಯಾಂಡ್ ತಟ್ಟೆ ಮೇಲೆದ್ದು ಬಲಕ್ಕೆ ಹೊರಳುತ್ತೆ. ಹಿಂದಿನಿಂದ ಗಾಳಿ ಬಂದರೆ ಬೇಗ ಕೆಳಗಿಳಿದು, ಬೇಗನೇ ಎಡಕ್ಕೆ ಎಳೆಯುತ್ತೆ. ಬೆಳಗಾವಿಯ ಮಳೆಗಾಲದ ಗಾಳಿ ಕಂಡವರಿಗೆ ಇದು ಎಂಥ ತಲೆನೋವು ಅಂತ ಹೇಳಬೇಕಾಗಿಲ್ಲ.

ಎರಡನೇ ವಿಷಯ, ದಂಡ. ಗಟಾರ ಅಂದೆವಲ್ಲ, ಸ್ಪರ್ಧೆಯ ಭಾಷೆಯಲ್ಲಿ ಅದು ಔಟ್ ಆಫ್ ಬೌಂಡ್ಸ್, ಚಿಕ್ಕದಾಗಿ ಓಬಿ. ಕೆರೆ, ರಸ್ತೆ, ಹಗ್ಗ ಕಟ್ಟಿದ ಗಡಿ, ಏನು ಬೇಕಾದರೂ ಆಗಬಹುದು. ಬಿದ್ದರೆ ಒಂದು ಎಸೆತ ಹೆಚ್ಚು. ಸಾಮಾನ್ಯವಾಗಿ ತಟ್ಟೆ ಗಡಿ ದಾಟಿದ ಜಾಗದಿಂದ ಒಂದು ಮೀಟರ್ ಒಳಗೆ ಬಂದು ಮುಂದಿನದನ್ನು ಆಡಬೇಕು. ಹಜಾರ್ಡ್ ಅನ್ನೋದು ಬೇರೆ. ಓಣಿಯಲ್ಲಿ ಯಾರೋ ಬಣ್ಣದ ನೂಲು ಒಣಹಾಕಿದ ಅಂಗಳ ಇದೆ ಅಂದುಕೊಳ್ಳಿ. ಅಲ್ಲಿ ಬಿದ್ದರೆ ಬೈಗುಳ ಗ್ಯಾರಂಟಿ, ದಂಡವೂ ಒಂದು, ಆದರೆ ಬಿದ್ದ ಜಾಗದಿಂದಲೇ ಆಡಬಹುದು. ಮೂರನೆಯದು ಮ್ಯಾಂಡೊ. ಬೇವಿನ ಮರದ ಬಲಗಡೆಯಿಂದಲೇ ತಟ್ಟೆ ಹೋಗಬೇಕು ಅಂತ ಮೊದಲೇ ಹೇಳಿಬಿಡೋದು. ಎಡಗಡೆಯಿಂದ ಹೋದರೆ ಅದಕ್ಕೂ ದಂಡ.

ಬುಟ್ಟಿ ಹತ್ತಿರ ಬಂದರೂ ನೆಮ್ಮದಿ ಇಲ್ಲ. ಹತ್ತು ಮೀಟರ್ ಒಳಗಿದ್ದರೆ ಎಸೆದ ರಭಸಕ್ಕೆ ಮುಂದೆ ಹೆಜ್ಜೆ ಇಡುವ ಹಾಗಿಲ್ಲ. ಗುರುತಿನ ಹಿಂದೆ ನಿಂತು ಸಮತೋಲನ ತೋರಿಸಬೇಕು. ಇನ್ನು ತಪ್ಪಿದ ತಟ್ಟೆ ಅಂಚಿನ ಮೇಲೆ ನಿಂತುಬಿಟ್ಟರೆ? ಚಕ್ರದ ಹಾಗೆ ಉರುಳಿಕೊಂಡು ಸೀದಾ ಗಟಾರಕ್ಕೆ! ಬುಟ್ಟಿಯ ಹಿಂದೆ ಇಳಿಜಾರು ಇದ್ದರೆ ದೊಡ್ಡ ದೊಡ್ಡ ಆಟಗಾರರೂ ಒಮ್ಮೊಮ್ಮೆ ಬುಟ್ಟಿಗೆ ಗುರಿಯಿಡದೆ, ಪಕ್ಕದಲ್ಲಿ ಮೆಲ್ಲಗೆ ಹಾಕಿ, ಮುಂದಿನ ಎಸೆತದಲ್ಲಿ ಮುಗಿಸುತ್ತಾರೆ. ನೋಡುವವರಿಗೆ ಅದು ಹೇಡಿತನ. ಆಡುವವರಿಗೆ ಲೆಕ್ಕ.

ಏನು ಲೆಕ್ಕ? ಹೇಳ್ತೀನಿ ಕೇಳಿ. ಅಂಕಿ ಉದಾಹರಣೆಗೆ ನಾನೇ ಹಾಕಿದ್ದು.

ನಮ್ಮ ಹುಡುಗ ಬಲಗೈಯವನು. ಗಟಾರ ಎಡಕ್ಕಿದೆ, ಬುಟ್ಟಿಯೂ ಎಡಕ್ಕಿದೆ, ಅವನ ಬ್ಯಾಕ್‌ಹ್ಯಾಂಡ್ ತಟ್ಟೆ ವಾಲೋದೂ ಎಡಕ್ಕೇ. ಗಾಳಿ ಇಲ್ಲದ ದಿನ ಬುಟ್ಟಿಗೇ ಗುರಿಯಿಟ್ಟು ಹತ್ತು ಸಲ ಆಡಿದ ಅಂತಿಟ್ಟುಕೊಳ್ಳಿ. ನಾಲ್ಕು ಸಲ ಎರಡು ಎಸೆತಕ್ಕೆ ಮುಗಿಸಿದ. ನಾಲ್ಕು ಸಲ ಮೂರು. ಎರಡು ಸಲ ಗಟಾರ, ದಂಡ ಸೇರಿ ನಾಲ್ಕು. ಕೂಡಿಸಿ: 8, 12, 8. ಒಟ್ಟು 28. ಅದರ ಬದಲು ಗಟಾರದಿಂದ ದೂರ, ಬಲಗಡೆ ಸುರಕ್ಷಿತವಾಗಿ ಆಡಿದ. ಒಂದು ಸಲ ಅದೃಷ್ಟಕ್ಕೆ ಎರಡು, ಒಂಬತ್ತು ಸಲ ಮೂರು. ಒಟ್ಟು 29. ಅಂದರೆ ಇವತ್ತು ಧೈರ್ಯವೇ ಸರಿ.

ಈಗ ಗಾಳಿ ಎದ್ದಿತು. ಬುಟ್ಟಿಗೆ ಗುರಿಯಿಟ್ಟರೆ ಮೂರು ಸಲ ಎರಡು, ಮೂರು ಸಲ ಮೂರು, ನಾಲ್ಕು ಸಲ ಗಟಾರ. 6, 9, 16. ಒಟ್ಟು 31. ಸುರಕ್ಷಿತ ಆಟ ಅದೇ 29. ಅದೇ ಹುಡುಗ, ಅದೇ ಓಣಿ, ಆದರೆ ಇವತ್ತು ತಾಳ್ಮೆಯೇ ಸರಿ. ಅಥವಾ ಫೋರ್‌ಹ್ಯಾಂಡ್ ಬರುತ್ತೆ ಅಂದರೆ ಅದನ್ನು ಆಡಬೇಕು. ಆಗ ತಪ್ಪಿದರೂ ತಟ್ಟೆ ವಾಲೋದು ಗೋಡೆ ಕಡೆಗೆ, ಗಟಾರದ ಕಡೆಗಲ್ಲ. ಒಳ್ಳೆಯ ಆಟಗಾರ ಮೊದಲು ನೋಡೋದೇ ಇದನ್ನು: ನನ್ನ ಎಸೆತ ಕೆಟ್ಟರೆ ಯಾವ ಕಡೆ ಕೆಡಬೇಕು?

ಇಷ್ಟೇ ಆಗಿದ್ದರೆ ಕ್ಯಾಲ್ಕುಲೇಟರ್ ಸಾಕಿತ್ತು. ಇನ್ನೊಂದಿದೆ. ಅದೇ ಗಾಳಿ, ಕೊನೆಯ ಗುರಿ, ನಮ್ಮ ಹುಡುಗ ಒಂದು ಎಸೆತ ಹಿಂದಿದ್ದಾನೆ, ಎದುರಾಳಿ ಮೂರರಲ್ಲಿ ಮುಗಿಸೋದು ಖಾತ್ರಿ. ಈಗ ಸರಾಸರಿ ಕಟ್ಟಿಕೊಂಡು ಏನು ಮಾಡೋದು? ಅವನಿಗೆ ಬೇಕಿರೋದು ಎರಡು. ಸುರಕ್ಷಿತ ಆಟದಲ್ಲಿ ಅದು ಹತ್ತಕ್ಕೆ ಒಂದು ಸಲ ಸಿಗುತ್ತೆ, ಬುಟ್ಟಿಗೆ ಗುರಿಯಿಟ್ಟರೆ ಮೂರು ಸಲ. ಗಟಾರಕ್ಕೆ ಬಿದ್ದು ಎರಡರಿಂದ ಸೋತರೂ ಸೋಲೇ, ಒಂದರಿಂದ ಸೋತರೂ ಸೋಲೇ. ಹಾಗಾಗಿ ಐದು ನಿಮಿಷದ ಹಿಂದೆ ದಡ್ಡತನ ಆಗಿದ್ದ ಎಸೆತ ಈಗ ಜಾಣತನ.

ಇದು ನಿಜವಾಗಿ ನಡೆದಿದೆ. 2021ರ ಜೂನ್ ತಿಂಗಳು, ಅಮೆರಿಕದ ಯೂಟಾ ರಾಜ್ಯದ ಆಗ್ಡನ್. ಡಿಸ್ಕ್ ಗಾಲ್ಫ್ ವಿಶ್ವ ಚಾಂಪಿಯನ್‌ಷಿಪ್‌ನ ಕೊನೆಯ ದಿನ. ಮುಂದಿದ್ದವರು ಪಾಲ್ ಮೆಕ್‌ಬೆತ್, ಅಷ್ಟೊತ್ತಿಗೆ ಐದು ಸಲ ವಿಶ್ವ ಚಾಂಪಿಯನ್. ತಟ್ಟೆ ತಯಾರಿಸೋ ಕಂಪನಿಯೊಂದು ಆ ವರ್ಷವೇ ಅವರ ಜೊತೆ ಹತ್ತು ವರ್ಷಕ್ಕೆ ಒಂದು ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡಿತ್ತು. ಒಂದು ಎಸೆತ ಹಿಂದಿದ್ದವರು ಜೇಮ್ಸ್ ಕಾನ್ರಾಡ್. ಕೊನೆಯ 18ನೇ ಗುರಿ. ಬುಟ್ಟಿ 247 ಅಡಿ ದೂರ, ಅಂದರೆ ಸುಮಾರು 75 ಮೀಟರ್. ಬುಟ್ಟಿಯ ಹತ್ತಿರ ಹಾಕಿ ಮುಗಿಸಿದರೆ ಗೌರವದ ಸೋಲು. ಕಾನ್ರಾಡ್ ಬುಟ್ಟಿಗೇ ಎಸೆದರು. ತಟ್ಟೆ ಹೋಗಿ ಸರಪಳಿಗೆ ಬಡಿದು ಒಳಗೆ ಕೂತಿತು! ಅಂಕ ಸಮ ಆಯ್ತು. ಪ್ಲೇಆಫ್‌ನಲ್ಲಿ ಕಾನ್ರಾಡ್ ವಿಶ್ವ ಚಾಂಪಿಯನ್.

ಈಗ ಅದೇ ವರ್ಷದ ಇನ್ನೊಂದು ಕೊನೆಯ ಗುರಿಗೆ ಬನ್ನಿ. ತಟ್ಟೆಯ ಗಾಲ್ಫ್ ಅಲ್ಲ, ಚೆಂಡಿನ ಗಾಲ್ಫ್. ಆಡಿದವರು ನಮ್ಮ ಬೆಂಗಳೂರಿನ ಹುಡುಗಿ.

2021ರ ಆಗಸ್ಟ್ 7, ಶನಿವಾರ. ಟೋಕಿಯೋ ಒಲಿಂಪಿಕ್ಸ್. ಬೆಳಿಗ್ಗೆ ಎದ್ದು ಜನ ಗಾಲ್ಫ್ ನೋಡ್ತಾ ಕೂತಿದ್ದರು, ಜೀವನದಲ್ಲಿ ಮೊದಲನೇ ಸಲ! ಅದಿತಿ ಅಶೋಕ್. ಆಗ ಅವರ ವಿಶ್ವ ರ‍್ಯಾಂಕಿಂಗ್ 200. ಪಕ್ಕದಲ್ಲಿ ಆಡ್ತಿದ್ದ ನೆಲ್ಲಿ ಕೋರ್ಡಾ ವಿಶ್ವದ ನಂಬರ್ ಒನ್. ಕೆಲವೇ ತಿಂಗಳ ಹಿಂದೆ ಅದಿತಿಗೆ ಕೋವಿಡ್ ಆಗಿತ್ತು, ಮೈಯಲ್ಲಿ ಮೊದಲಿನ ಶಕ್ತಿ ಇರಲಿಲ್ಲ. ಉಳಿದವರ ಚೆಂಡು ಹೋದಷ್ಟು ದೂರ ಅವರ ಚೆಂಡು ಹೋಗ್ತಿರಲಿಲ್ಲ. ಹಾಗಿದ್ದ ಮೇಲೆ ದೂರದ ಹೊಡೆತದಲ್ಲಿ ಪೈಪೋಟಿಗಿಳಿದು, ಮರಳುಗುಂಡಿಗೋ ಪೊದೆಗೋ ಚೆಂಡು ಕಳಿಸಿ ಏನು ಪ್ರಯೋಜನ? ತನಗೆ ಬರೋದನ್ನು ನಂಬಿದರು: ಚೆಂಡನ್ನು ದಾರಿಯಲ್ಲಿ ಇಡೋದು, ಹಸಿರು ಹಾಸಿನ ಮೇಲೆ ಬಂದ ಮೇಲೆ ಕುಳಿಗೆ ತಳ್ಳೋದು. ಕ್ಯಾಡಿಯಾಗಿ ಜೊತೆಗಿದ್ದವರು ಅವರ ತಾಯಿ.

ಆ ಲೆಕ್ಕ ಎಷ್ಟು ಸರಿ ಇತ್ತು ನೋಡಿ. ನಾಲ್ಕು ದಿನ 67, 66, 68, 68. ಒಟ್ಟು 269, ಪಾರ್‌ಗಿಂತ 15 ಕಡಿಮೆ. ಕೋರ್ಡಾ 17 ಕಡಿಮೆ, ಚಿನ್ನ. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೋ ಇಬ್ಬರೂ 16 ಕಡಿಮೆ. ಕೊನೆಯ ಕುಳಿಯಲ್ಲಿ ಅದಿತಿಯ ಆ ದೂರದ ಪಟ್ ಬಿದ್ದಿದ್ದರೆ ಪದಕದ ಪ್ಲೇಆಫ್. ಬೀಳಲಿಲ್ಲ. ನಾಲ್ಕನೇ ಸ್ಥಾನ. ಒಂದೇ ಒಂದು ಹೊಡೆತ.

ಅವತ್ತು ಸಂಜೆ ನೀರಜ್ ಚೋಪ್ರಾ 87.58 ಮೀಟರ್ ಜಾವೆಲಿನ್ ಎಸೆದರು. ದೇಶಕ್ಕೆ ಚಿನ್ನ. ನಾವು ಟಿವಿಯವರು ಬೆಳಗಿನದನ್ನು ಬದಿಗಿಟ್ಟೆವು. ನೆನಪಾದಾಗ ಹೇಳಿದ್ದು ಎರಡೇ ಪದ: ಪದಕ ತಪ್ಪಿತು. ನಾನೂ ಅದೇ ಹೇಳುತ್ತಿದ್ದವನು, ಬೇರೆಯವರ ಮೇಲೆ ಯಾಕೆ ಹಾಕಲಿ?

ಆದರೆ ಕಾನ್ರಾಡ್ ಮತ್ತು ಅದಿತಿಯನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ. ಇಬ್ಬರೂ ಒಂದು ಹೊಡೆತ ಹಿಂದೆ. ಇಬ್ಬರಿಗೂ ಕೊನೆಯ ಅವಕಾಶ. ಇಬ್ಬರೂ ಮಾಡಬೇಕಾದದ್ದನ್ನೇ ಮಾಡಿದರು, ಗುರಿಗೇ ಆಡಿದರು. ಒಂದು ಬಿತ್ತು, ಒಂದು ಬೀಳಲಿಲ್ಲ. ಬಿದ್ದದ್ದಕ್ಕೆ ಕಾನ್ರಾಡ್ ಜಾಣ, ಬೀಳದ್ದಕ್ಕೆ ಅದಿತಿ ದಡ್ಡಿ ಅನ್ನೋಕಾಗುತ್ತಾ? ಕಾನ್ರಾಡ್ ಅದೇ ಎಸೆತವನ್ನು ನೂರು ಸಲ ಎಸೆದರೂ ಬಹುಪಾಲು ಬುಟ್ಟಿಗೆ ಬೀಳೋದಿಲ್ಲ. ಆದರೂ ಅವತ್ತು ಅದೇ ಸರಿಯಾದ ಎಸೆತ.

ನಾವು ಮನೆಯಲ್ಲಿ ಮಾಡೋದೂ ಇದನ್ನೇ ಅಲ್ವಾ? ಹಬ್ಬದ ಸೀಸನ್ ನಂಬಿ ನೇಕಾರ ಸಾಲ ಮಾಡಿ ನೂಲು ತರುತ್ತಾನೆ. ಸೀರೆ ಹೋದರೆ "ಧೈರ್ಯವಂತ", ಹೋಗದಿದ್ದರೆ "ಬುದ್ಧಿ ಎಲ್ಲಿಟ್ಟಿದ್ದಿ?" ಅಂತೀವಿ. ನೂಲು ತಂದ ದಿನ ಅವನಿಗೆ ಏನು ಗೊತ್ತಿತ್ತು, ಕೈಯಲ್ಲಿ ಎಷ್ಟಿತ್ತು, ಬೇರೆ ದಾರಿ ಇತ್ತಾ? ಯಾರೂ ಕೇಳಲ್ಲ. ಹಾಗಂತ ಎಲ್ಲಾ ಸೋಲೂ ದುರದೃಷ್ಟ ಅಂತ ನಾನು ಹೇಳ್ತಿಲ್ಲ. ಗಾಳಿ ಎದ್ದಿದೆ ಅಂತ ಗೊತ್ತಿದ್ದೂ, ಮುಂದಿದ್ದೂ, ಗಟಾರದ ಅಂಚಿಗೇ ಎಸೆದವನ ತಪ್ಪು ತಪ್ಪೇ, ಅದು ಬುಟ್ಟಿಗೆ ಬಿದ್ದರೂ ಸಹ.

ಅಮೆರಿಕದಲ್ಲಿ ಎಷ್ಟೋ ಸಾರ್ವಜನಿಕ ಉದ್ಯಾನಗಳಲ್ಲಿ ದುಡ್ಡಿಲ್ಲದೆ ಈ ಆಟ ಆಡಬಹುದು. ಮರ ಕಡಿಯಬೇಕಿಲ್ಲ, ಮರವೇ ಆಟದ ಭಾಗ. ಕ್ಲಬ್ ಸದಸ್ಯತ್ವ ಬೇಡ. ನಮ್ಮ ಊರುಗಳ ಪಾರ್ಕುಗಳಲ್ಲೂ ಒಂದೆರಡು ಬುಟ್ಟಿ ನಿಲ್ಲಿಸಿದರೆ ಮಕ್ಕಳು ಓಡಿ ಬರ್ತಾರೆ. ಅದು ಆಗೋತನಕ ಮುಚ್ಚಳ ಇದೆ, ಓಣಿ ಇದೆ.

ಆ ಓಣಿಯಲ್ಲಿ ಈಗ ಹುಡುಗ ಎಸೆದಿದ್ದಾನೆ. "ಲೇ, ಗಟಾರದಾಗ ಹೋತಲ್ಲೋ!" ಅಂತ ಗೆಳೆಯರು ಕೂಗ್ತಿದ್ದಾರೆ. ನೀವು ಅಲ್ಲೇ ಕಟ್ಟೆ ಮೇಲೆ ಕೂತಿದ್ದರೆ ಅವನನ್ನು ಹತ್ತಿರ ಕರೆಯಿರಿ. ಎಲ್ಲಿ ಬಿತ್ತು ಅಂತ ಕೇಳಬೇಡಿ, ಅದು ಎಲ್ಲರಿಗೂ ಕಾಣ್ತಿದೆ. "ಎಲ್ಲಿಗೆ ಗುರಿ ಇಟ್ಟಿದ್ದೆಪ್ಪಾ? ಯಾಕ?" ಅಂತ ಕೇಳಿ. ಅವನ ಉತ್ತರ ಪೂರ್ತಿ ಕೇಳಿಸಿಕೊಂಡ ಮೇಲೆ ಬೈಯಬೇಕೋ ಬೆನ್ನು ತಟ್ಟಬೇಕೋ ನೀವೇ ತೀರ್ಮಾನ ಮಾಡಿ.