ಟಿ-ಕೋಶಕ್ಕೆ ಸುಳಿವು ಕೊಡುವ ಪ್ರೊಟೀನುಗಳು

ಅಸ್ಥಿಮಜ್ಜೆಯ ಕಸಿ ಆಗಬೇಕಾದ ರೋಗಿಯ ಮನೆಯವರನ್ನು ವೈದ್ಯರು ಮೊದಲು ಕೇಳುವುದು, ಒಡಹುಟ್ಟಿದವರು ಇದ್ದಾರೆಯೇ ಎಂದು. ಇಲ್ಲಿ ರಕ್ತದ ಗುಂಪಿಗಿಂತ ಎಚ್.ಎಲ್.ಎ. ಎಂಬ ಪ್ರೊಟೀನುಗಳ ಹೊಂದಾಣಿಕೆಯೇ ಮುಖ್ಯ. ಕಸಿಯ ವೇಳೆಯಲ್ಲಿ ತೊಡಕಾಗುವ ಈ ಪ್ರೊಟೀನುಗಳು ನಮ್ಮೊಳಗೆ ದಿನವೂ ಮಾಡುವ ಕೆಲಸವನ್ನು ಅರಿತರೆ ಆ ಪ್ರಶ್ನೆಯ ಅರ್ಥ ತಿಳಿಯುತ್ತದೆ.

ವೈರಸ್ ಒಮ್ಮೆ ಜೀವಕೋಶದೊಳಗೆ ಹೊಕ್ಕರೆ ರಕ್ತದಲ್ಲಿ ಸಂಚರಿಸುವ ಪ್ರತಿಕಾಯಗಳಿಗೆ ಎಟುಕುವುದಿಲ್ಲ. ಆಗ ಆ ಕೋಶವೇ ಸುಳಿವು ಕೊಡಬೇಕು. ಕೆಂಪು ರಕ್ತಕಣಗಳನ್ನು ಬಿಟ್ಟರೆ ಬಹುತೇಕ ಎಲ್ಲ ಕೋಶಗಳೂ ತಮ್ಮೊಳಗಿನ ಪ್ರೊಟೀನುಗಳನ್ನು ಪ್ರೊಟಿಯಾಸೋಮ್ ಎಂಬ ಯಂತ್ರದಲ್ಲಿ ಸದಾ ತುಂಡರಿಸುತ್ತಿರುತ್ತವೆ. ವೈರಸ್ಸಿನ ಪ್ರೊಟೀನುಗಳೂ ಅದಕ್ಕೆ ಸಿಕ್ಕಿಬೀಳುತ್ತವೆ. 8ರಿಂದ 10 ಅಮೈನೋ ಆಮ್ಲಗಳಷ್ಟು ಉದ್ದದ ತುಣುಕನ್ನು ಮೊದಲ ವರ್ಗದ ಎಚ್.ಎಲ್.ಎ. ತನ್ನ ಕುಳಿಯಲ್ಲಿ ಹಿಡಿದು ಕೋಶದ ಹೊರಮೈಗೆ ತಂದು ತೋರಿಸುತ್ತದೆ. ಅತ್ತ ಬಂದ ಮಾರಕ ಟಿ-ಕೋಶ ಅದನ್ನು ಪರೀಕ್ಷಿಸುತ್ತದೆ. ತುಣುಕು ಸ್ವಂತ ದೇಹದ್ದಾದರೆ ಮುಂದೆ ಸಾಗುತ್ತದೆ, ಪರಕೀಯವಾದರೆ ಆ ಕೋಶವನ್ನೇ ಕೊಲ್ಲುತ್ತದೆ.

ಹೊರಗಿನಿಂದ ನುಂಗಿದ ಬ್ಯಾಕ್ಟೀರಿಯಾ ಮುಂತಾದವುಗಳ ತುಣುಕುಗಳನ್ನು ಸಹಾಯಕ ಟಿ-ಕೋಶಗಳಿಗೆ ತೋರಿಸುವುದು ಎರಡನೆಯ ವರ್ಗದ ಎಚ್.ಎಲ್.ಎ.; ಅದು ಮುಖ್ಯವಾಗಿ ಡೆಂಡ್ರಿಟಿಕ್ ಕೋಶದಂತಹ ಕೆಲವು ರಕ್ಷಕ ಕೋಶಗಳಲ್ಲಿರುತ್ತದೆ.

ಟಿ-ಕೋಶ ನೋಡುವುದು ತುಣುಕನ್ನೋ, ಅದನ್ನು ಹಿಡಿದ ಪ್ರೊಟೀನನ್ನೋ? ಎರಡನ್ನೂ ಒಟ್ಟಾಗಿ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪೀಟರ್ ಡೊಹರ್ಟಿ ಮತ್ತು ರೋಲ್ಫ್ ಜಿಂಕರ್‌ನಾಗೆಲ್ ಇಲಿಗಳ ಮೇಲೆ ಪ್ರಯೋಗ ನಡೆಸಿ 1974ರಲ್ಲಿ ಇದನ್ನು ಪ್ರಕಟಿಸಿದರು. ಸೋಂಕು ತಗುಲಿದ ಇಲಿಯ ಟಿ-ಕೋಶಗಳು ತಮ್ಮದೇ ತಳಿಯ ಸೋಂಕಿತ ಕೋಶಗಳನ್ನು ಕೊಂದವು. ಅದೇ ವೈರಸ್ ಹೊಕ್ಕ ಬೇರೆ ತಳಿಯ ಕೋಶಗಳನ್ನು ಮುಟ್ಟಲಿಲ್ಲ. ಬ್ಯಾಂಕಿನವರಾದ ನಮಗೆ ಇಲ್ಲಿ ಲಾಕರು ನೆನಪಾಗುತ್ತದೆ: ಗ್ರಾಹಕರ ಕೀಲಿಯೂ ಬ್ಯಾಂಕಿನ ಕೀಲಿಯೂ ಕೂಡದೆ ಅದು ತೆರೆಯದು. ಈರ್ವರಿಗೂ 1996ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಎಚ್.ಎಲ್.ಎ.ಯಲ್ಲಿ ಸಾವಿರಾರು ಬಗೆಗಳಿವೆ. ಒಂದೊಂದು ಬಗೆ ಒಂದೊಂದು ರೀತಿಯ ತುಣುಕನ್ನು ಹಿಡಿಯುವುದರಿಂದ ಯಾವ ವೈರಸ್ಸಿಗೂ ಎಲ್ಲರ ಕಣ್ಣು ತಪ್ಪಿಸುವುದು ಸುಲಭವಲ್ಲ. ಕಸಿಗೆ ಮಾತ್ರ ಈ ವೈವಿಧ್ಯವೇ ಅಡ್ಡಿ. ಬೇರೆಯವರ ಎಚ್.ಎಲ್.ಎ.ಯೇ ಟಿ-ಕೋಶಕ್ಕೆ ಪರಕೀಯವಾಗಿ ಕಾಣುತ್ತದೆ. ಮಜ್ಜೆಯ ಕಸಿಯಲ್ಲಂತೂ ದಾನಿಯ ಟಿ-ಕೋಶಗಳು ರೋಗಿಯ ದೇಹದ ಮೇಲೆಯೇ ಎರಗಬಹುದು. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುವುದರಿಂದ ಒಡಹುಟ್ಟಿದ ಒಬ್ಬೊಬ್ಬರಲ್ಲೂ ಪೂರ್ಣ ಹೊಂದಾಣಿಕೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಮಕ್ಕಳು ಒಬ್ಬರೋ ಇಬ್ಬರೋ ಇರುವ ಇಂದಿನ ಸಂಸಾರಗಳಲ್ಲಿ ಅದೂ ದುರ್ಲಭ. ಆಗ ಹೊರಗಿನ ದಾನಿಯನ್ನು ಹುಡುಕಬೇಕು. ಒಂದೇ ಮೂಲದ ಜನರಲ್ಲಿ ಅಂಥವರು ಸಿಗುವ ಸಂಭವ ಹೆಚ್ಚು. ಊರು ಬಿಟ್ಟು ಮೂರು ತಲೆಮಾರು ಕಳೆದ ನಮ್ಮಂತಹ ಕುಟುಂಬಗಳಲ್ಲೂ ಎಚ್.ಎಲ್.ಎ. ಹಿರಿಯರಿಂದ ಬಂದದ್ದೇ. ದಾನಿಗಳ ನೋಂದಣಿಗೆ ಕೆನ್ನೆಯ ಒಳಭಾಗದಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಯಷ್ಟೇ ಸಾಕು.