ಕಳಸದ ಪದ, ಬಿಬಿಸಿಯ ವೇದಿಕೆ

ಅಣ್ಣಿಗೇರಿ ಅಂದಕೂಡಲೇ ಆದಿಕವಿ ಪಂಪ ನೆನಪಾಗುತ್ತಾನೆ, ಅಮೃತೇಶ್ವರ ಗುಡಿ ನೆನಪಾಗುತ್ತದೆ. ಆದರೆ ಈ ಎರೆಭೂಮಿಯ ಜನರ ನಾಲಿಗೆಯ ಮೇಲೆ ದಿನನಿತ್ಯ ಕುಣಿಯುವ ಕವಿ ಸಂತ ಶಿಶುನಾಳ ಶರೀಫರು (1819–1889). ಅವರ ಗುರು ಗೋವಿಂದಭಟ್ಟರ ಕಳಸ ನಮ್ಮ ಧಾರವಾಡ ಜಿಲ್ಲೆಯದೇ ಕುಂದಗೋಳ ತಾಲ್ಲೂಕಿನ ಊರು. ಸಮಕಾಲೀನರಾದ ನಾಗಲಿಂಗಸ್ವಾಮಿಗಳ ಮಠ ನವಲಗುಂದದಲ್ಲಿದೆ. ಶರೀಫರ ಪದಗಳು ಪುಸ್ತಕವಾಗುವ ಮೊದಲು ಅವನ್ನು ಕಾಯ್ದವರು ಈ ಸೀಮೆಯ ಭಜನಾ ಮೇಳದವರು.

ನಾಡಿಗೆಲ್ಲ ಅವನ್ನು ಹಂಚಿದ್ದು ಕ್ಯಾಸೆಟ್. ಹೊಳೆನರಸೀಪುರದಲ್ಲಿ ಹುಟ್ಟಿದ ಸಿ. ಅಶ್ವತ್ಥ್ ಧಾರವಾಡ ಸೀಮೆಯ ಮಾತನ್ನು ತಮ್ಮ ಕಂಚಿನ ಕಂಠಕ್ಕೆ ಒಗ್ಗಿಸಿಕೊಂಡು ಹಾಡಿದರು. ಹೋಟೆಲು, ಬಸ್ಸು, ಜಾತ್ರೆಗಳಲ್ಲೆಲ್ಲ ಶರೀಫರು ಕೇಳಿಸತೊಡಗಿದರು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಅದಕ್ಕೂ ಅಶ್ವತ್ಥರದೇ ಸಂಗೀತ.

ಮುಂದಿನ ತಲೆಮಾರಿಗೆ ಪದಗಳನ್ನು ದಾಟಿಸಿದ್ದು ಗಿಟಾರ್. ಮೈಸೂರಿನಲ್ಲಿ ಬೆಳೆದ, ಭರತನಾಟ್ಯ ಕಲಿತ ರಘು ದೀಕ್ಷಿತ್ ಕಟ್ಟಿದ ‘ರಘು ದೀಕ್ಷಿತ್ ಪ್ರಾಜೆಕ್ಟ್’ ತಂಡದ ಮೊದಲ ಆಲ್ಬಮ್ 2008ರಲ್ಲಿ ಹೊರಬಂತು. ಬೆನ್ನಿಗೆ ನಿಂತವರು ಮುಂಬೈನ ಸಂಗೀತ ಜೋಡಿ ವಿಶಾಲ್–ಶೇಖರ್. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಕೂತಿದ್ದವು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ್ದೇ ತಡ, ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. ಮರುವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸಬರ ಪ್ರಶಸ್ತಿ. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲೂ ಶರೀಫರು ಬಿಡಲಿಲ್ಲ: ‘ಲೋಕದ ಕಾಳಜಿ’ ಕಾಲೇಜು ಹುಡುಗರ ಬಾಯಿಪಾಠವಾಯಿತು.

ಗಿಟಾರ್ ಬಂದು ಪದ ಕೆಟ್ಟಿತು ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಮಕ್ಕಳು ಶರೀಫರ ಹೆಸರು ಹೇಳುತ್ತಾರೆಂದರೆ ಅದರಲ್ಲಿ ಈ ತಂಡದ ಪಾಲು ದೊಡ್ಡದು. ಆದರೂ ಮಾಳಿಗೆಯ ಪದ ನಮ್ಮ ಕಡೆ ಬೇರೆಯೇ ಮುಟ್ಟುತ್ತದೆ. ಇಲ್ಲಿಯ ಹಳೆಯ ಮನೆಗಳಿಗೆ ಹಂಚಿಲ್ಲ. ಜಂತಿಯ ಮೇಲೆ ಕಟ್ಟಿಗೆ, ಅದರ ಮೇಲೆ ಮಣ್ಣು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಸವಳು ಮಣ್ಣು ಹರಡಿ ತುಳಿಯದಿದ್ದರೆ ಜಡಿಮಳೆಯಲ್ಲಿ ಹಾಸಿಗೆ, ಕಾಳಿನ ಚೀಲ ಎತ್ತಿಡಲು ಒಣ ಜಾಗ ಸಿಗದು. ರಾತ್ರಿಯಿಡೀ ಪಾತ್ರೆ ಒಡ್ಡಿ ಕೂತ ಮನೆಯವರಿಗೆ, ದೇಹವೆಂಬ ಮನೆಯೂ ಹೀಗೇ ಸೋರುತ್ತದೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮೇಳದ ಹಾಡಿಕೆಯ ರೀತಿಯೂ ಬೇರೆ. ಮುಂದಿನವನು ಪೇಟಿ ಹಿಡಿದು ಒಂದು ನುಡಿ ಎತ್ತುತ್ತಾನೆ, ಹಿಮ್ಮೇಳದವರು ತಾಳ, ದಮ್ಮಡಿಯೊಂದಿಗೆ ಅದನ್ನು ಮತ್ತೆ ಮತ್ತೆ ಹೇಳುತ್ತಾರೆ. ನಡುವೆ ನಿಲ್ಲಿಸಿ ಅರ್ಥ ಹೇಳುವುದುಂಟು, ಕೂತವರಲ್ಲಿ ಯಾರೋ ಪ್ರಶ್ನೆ ಹಾಕುವುದುಂಟು. ಒಂದೇ ಪದ ಅರ್ಧ ತಾಸು ನಡೆದೀತು. ಆಲ್ಬಮ್ಮಿನ ಐದಾರು ನಿಮಿಷದ ಅಳತೆಗೆ ಇದು ಹಿಡಿಯುವುದಿಲ್ಲ. ಹಾಗಾಗಿ ಹಿಟ್ ಆದ ನಾಲ್ಕೈದು ಪದಗಳೇ ಮತ್ತೆ ಮತ್ತೆ ಧ್ವನಿಮುದ್ರಣವಾಗುತ್ತವೆ. ಉಳಿದವು ವಯಸ್ಸಾದ ಭಜಕರ ಜೊತೆಗೇ ಹೋಗುತ್ತಿವೆ. ಹೊಸ ಹುಡುಗರು ಮೇಳಕ್ಕೆ ಬಂದರೂ ಯೂಟ್ಯೂಬಿನ ಧಾಟಿಯನ್ನೇ ಎತ್ತುತ್ತಾರೆ, ತಮ್ಮೂರ ಧಾಟಿ ಕಲಿಯುವುದಿಲ್ಲ.

ಶಿಶುನಾಳವಿರುವ ಶಿಗ್ಗಾಂವಿ ತಾಲ್ಲೂಕಿನಲ್ಲೇ, ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅಣ್ಣಿಗೇರಿ, ನವಲಗುಂದ, ಕುಂದಗೋಳ, ಕಲಘಟಗಿಯ ಮೇಳಗಳನ್ನು ಊರೂರಿಗೆ ಹೋಗಿ, ಪದವನ್ನು ಕತ್ತರಿಸದೆ, ಹಾಡಿದವರ ಹೆಸರು ಸಮೇತ ಧ್ವನಿಮುದ್ರಿಸುವ ಕೆಲಸವನ್ನು ಅದು ಕೈಗೆತ್ತಿಕೊಳ್ಳಲಿ. ಅಲ್ಲಿಯವರೆಗೆ ನಮ್ಮ ಕೈಯಲ್ಲಿ ಫೋನಾದರೂ ಇದೆ. ನಿಮ್ಮೂರಿನ ಮುಂದಿನ ಭಜನೆಗೆ ಅದನ್ನು ಒಯ್ಯಿರಿ. ಹಿರಿಯರ ಎದುರು ಕೂತು, ಯಾರೂ ಹಾಡದ ಪದವನ್ನೇ ಕೇಳಿ ಹಾಡಿಸಿ.