ಮತ್ತೆ ಪಂಕ್ತಿಯಲ್ಲಿ ಕುಳಿತುಕೊಳ್ಳಲು

ಕೊಪ್ಪದ ಸೀಮೆಯ ಹಿರೇಕೊಡಿಗೆಯಂತಹ ಊರಿನಲ್ಲಿ ಮದುವೆಯ ಊಟವೆಂದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬಾಳೆಲೆಗೆ ಬಗ್ಗುವ ಊಟ. ಗುದನಾಳದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವನಿಗೆ ಗಾಯಕ್ಕಿಂತಲೂ ಈ ಊಟದ್ದೇ ಭಯ. ಬಗ್ಗಿದರೆ ಹೊಟ್ಟೆಗೆ ಅಂಟಿಸಿದ ಚೀಲ ಸಡಿಲವಾದೀತೆ? ಪಕ್ಕದವರಿಗೆ ವಾಸನೆ ಬಂದೀತೆ? ಮಡಿಯಲ್ಲಿರುವ ಹಿರಿಯರು ಏನೆಂದುಕೊಂಡಾರು?

ಈ ಭಯ ಮಲೆನಾಡಿಗೆ ಮಾತ್ರ ಸೇರಿದುದಲ್ಲ. ರೋಗಪೀಡಿತ ಗುದನಾಳವನ್ನು ಸಂಪೂರ್ಣವಾಗಿ ತೆಗೆದು, ಮೇಲಿನ ಕರುಳನ್ನು ಹೊಟ್ಟೆಯ ಹೊರಕ್ಕೆ ತೆರೆಯುವ ಕ್ರಮವನ್ನು ಲಂಡನ್ನಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ಪ್ರಕಟಿಸಿದನು. ಪ್ರಾಣವೇನೋ ಉಳಿಯಿತು, ಉಳಿದ ಪ್ರಾಣವನ್ನು ಹೇಗೆ ಬಾಳಬೇಕೆಂಬ ಚಿಂತೆ ಬಹುಕಾಲ ರೋಗಿಯದೇ ಆಗಿತ್ತು. 1954ರಲ್ಲಿ ಡೆನ್ಮಾರ್ಕಿನ ದಾದಿ ಎಲೀಸ್ ಸೊರೆನ್ಸೆನ್ನಳ ತಂಗಿ ಥೋರಾ ಇಂತಹುದೇ ಚಿಕಿತ್ಸೆಯಾದ ಮೇಲೆ ಸೋರುವಿಕೆಗೆ ಅಂಜಿ ಮನೆಯ ಹೊಸಲು ದಾಟಲೊಲ್ಲದೆ ಹೋದಳು. ಚರ್ಮಕ್ಕೆ ಅಂಟುವ, ಬಳಸಿ ಎಸೆಯುವ ಚೀಲದ ಕಲ್ಪನೆ ಅಕ್ಕನಿಗೆ ಹೊಳೆದದ್ದು ಆಗ. ಪ್ಲಾಸ್ಟಿಕ್ ತಯಾರಕನೊಬ್ಬನು, ತಾನೂ ದಾದಿಯಾಗಿದ್ದ ಹೆಂಡತಿಯ ಒತ್ತಾಯಕ್ಕೆ ಮಣಿದು ಅದನ್ನು ತಯಾರಿಸಿದನು. ಇಂದಿನ ಚೀಲಗಳೆಲ್ಲ ಅದರ ಸಂತತಿಯೇ ಸರಿ.

ದೊಡ್ಡ ಕರುಳಿನ ಎಡಭಾಗದ ದ್ವಾರದಿಂದ ಬರುವ ಮಲ ಬಹುಮಟ್ಟಿಗೆ ಗಟ್ಟಿ. ಸಣ್ಣ ಕರುಳಿನದು ನೀರಾದುದು; ಅದರೊಡನೆ ದೇಹದ ಉಪ್ಪೂ ಹೋಗುತ್ತದೆ. ಬರಿಯ ನೀರು ಕುಡಿದರೆ ಸಾಲದು, ಉಪ್ಪು ಹಾಕಿದ ಗಂಜಿ ಬೇಕು. ಮಲೆನಾಡಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ! ಆದರೆ ನಾರುಳ್ಳ ಕಳಲೆ, ಹಲಸುಗಳು ದ್ವಾರದಲ್ಲಿ ಸಿಕ್ಕಿಕೊಳ್ಳಬಹುದು; ಸ್ವಲ್ಪಸ್ವಲ್ಪವಾಗಿ, ಚೆನ್ನಾಗಿ ಅಗಿದು ತಿನ್ನಬೇಕು. ಸ್ನಾನಕ್ಕೆ ಅಡ್ಡಿಯಿಲ್ಲ. ಅಡಿಕೆಯ ಮೂಟೆ ಎತ್ತುವ ಕೆಲಸ ಮಾತ್ರ ಬೇರೆಯವರಿಗಿರಲಿ. ದ್ವಾರದ ಪಕ್ಕದಲ್ಲಿ ಕರುಳು ಉಬ್ಬಿಕೊಳ್ಳುವ ಅಪಾಯವುಂಟು. ಮುಟ್ಟಿದರೆ ದ್ವಾರಕ್ಕೆ ನೋವಿಲ್ಲ. ಆದುದರಿಂದಲೇ ಬಿಗಿದ ಉಡುದಾರ ಅಲ್ಲಿ ಉಜ್ಜಿ ಗಾಯ ಮಾಡಿದರೂ ತಿಳಿಯದು.

ದ್ವಾರವಿಲ್ಲದೆ ಕರುಳನ್ನು ಮರಳಿ ಜೋಡಿಸಿಕೊಂಡವರ ಕಷ್ಟವೇ ಬೇರೆ. ದಿನಕ್ಕೆ ಹಲವು ಸಲ ಅವಸರವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಬಸ್ಸಿನ ಪ್ರಯಾಣವೇ ಒಂದು ಪರೀಕ್ಷೆ. ಇದನ್ನು ವೈದ್ಯರಿಗೆ ಹೇಳಲು ನಾಚುವವರೇ ಹೆಚ್ಚು.

ದ್ವಾರ ಎಲ್ಲಿ ಬರಬೇಕೆಂಬ ಗುರುತನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಹಾಕುವುದು ಒಳ್ಳೆಯ ಪದ್ಧತಿ. ಆಗ ರೋಗಿ ಮಂಚದ ಮೇಲೆ ಮಲಗಿದ್ದರೆ ಹೊಟ್ಟೆಯ ಮಡಿಕೆಗಳು ಕಾಣವು. ಪಂಚೆಯನ್ನು ಎಲ್ಲಿ ಬಿಗಿಯುವೆನೆಂದು ದಾದಿಗೆ ತೋರಿಸಿ, ನೆಲದ ಮೇಲೆ ಊಟಕ್ಕೆ ಕುಳಿತಂತೆಯೇ ಕುಳಿತು, ಒಮ್ಮೆ ಬಗ್ಗಿ ಗುರುತು ಹಾಕಿಸಿಕೊಳ್ಳಬೇಕು.